ಮೂರೂವರೆ ಅಂಕ

ಹಂಸಾಕನ ಟಿ.ವಿ. ರಿಪೇರಿ ಅಂಗಡಿಯ ಹಿಂಗೋಣೆಗೆ
ಕಾಫಿ ಗೋಣಿಯೇ ಪರದೆ.
ಬಿಸಿಲು ಬಿದ್ದರೆ ಯಂತ್ರಕ್ಕೆ ನಮ್ಮ ಕೈ ಕಾಣುವುದಿಲ್ಲವಂತೆ.
ಹತ್ತು ನಿಮಿಷಕ್ಕೆ ಇಪ್ಪತ್ತು ರೂಪಾಯಿ,
ಬೀಳಿಸಿ ಒಡೆದರೆ ಎರಡು ಸಾವಿರ
ಎಂದು ರಟ್ಟಿನ ಮೇಲೆ ಬರೆದಿಟ್ಟಿದ್ದಾನೆ.

‘ಟೀಚರೇ, ನೀವು ನಿಜದ್ದು ಆಡಿದವರು,
ಹೇಗಿದೆ ಅಂತ ನಾಲ್ಕು ಮಾತು ಬರೆದುಕೊಡಿ,
ಬಾಗಿಲಿಗೆ ಅಂಟಿಸುತ್ತೇನೆ’ ಅಂದ.
ಗೋಣಿಕೊಪ್ಪದಲ್ಲಿ ನನಗೆ ಇಷ್ಟು ಮರ್ಯಾದೆ
ಯಾರೂ ಕೊಟ್ಟಿರಲಿಲ್ಲ.
ಆದರೆ ನಾಲ್ಕರಲ್ಲಿ ಮುಗಿಯುವ ಹಾಗೆ ಕಾಣುವುದಿಲ್ಲ.

ಮೊದಲು ಮುಖಗಳು.
ನನ್ನ ಎದುರಾಳಿಗೆ ಕುಂಬಳದಷ್ಟು ಗದ್ದ,
ಕಡಲೆಕಾಳಿನಷ್ಟು ಕಣ್ಣು,
ಕತ್ತು ಎಂಬುದು ಇಲ್ಲವೇ ಇಲ್ಲ.
ಗುದ್ದಿದರೆ ಕೆನ್ನೆ, ಹಬೆ ಆರದ ಕಡಂಬಿಟ್ಟಿನ ಹಾಗೆ
ಒಳಕ್ಕೆ ಹೋಗಿ
ಪುಸಕ್ಕನೆ ಹೊರಕ್ಕೆ ಬರುತ್ತದೆ.
ರಕ್ತವಿಲ್ಲ. ತಲೆಯ ಸುತ್ತ ಮೂರು ನಕ್ಷತ್ರ, ಒಂದು ಬಾತುಕೋಳಿ.
ಉದುರಿದ ಹಲ್ಲನ್ನು ಅವನೇ ಹೆಕ್ಕಿ
ಚಡ್ಡಿಯ ಜೇಬಿಗೆ ಹಾಕಿಕೊಳ್ಳುತ್ತಾನೆ.
ಚಡ್ಡಿಗೆ ಜೇಬು!
ನಮಗಿರಲಿಲ್ಲ.

ಕೈಗಳ ವಿಚಾರ.
ಎರಡು ಬಿಳಿ ಕಡ್ಡಿ, ಮಣಿಕಟ್ಟಿಗೆ ದಾರ.
ನೇರ ಗುದ್ದನ್ನು ಓದುತ್ತದೆ, ಒಪ್ಪಿದೆ.
ಕೆಳಗಿನಿಂದ ಎತ್ತಿ ಕೊಟ್ಟದ್ದನ್ನು
ನಮಸ್ಕಾರ ಎಂದುಕೊಳ್ಳುತ್ತದೆ.
ಪಕ್ಕದಿಂದ ಬಂದ ಕೊಕ್ಕೆ ಗುದ್ದಿಗೆ
ತಾಲ್ಲೂಕು ಕಚೇರಿಯ ಗುಮಾಸ್ತನ ಹಾಗೆ
ಅರ್ಧ ಕ್ಷಣ ಯೋಚಿಸಿ ಮುದ್ರೆ ಒತ್ತುತ್ತದೆ.
ಆ ಅರ್ಧ ಕ್ಷಣದಲ್ಲಿ ನಾನು
ಒಂದು ಸಲ ಪದಕ ಕಳೆದುಕೊಂಡಿದ್ದೇನೆ.

ಕಾಲುಗಳನ್ನಂತೂ ನೋಡುವುದೇ ಇಲ್ಲ.
ಇಡೀ ವಿದ್ಯೆ ಹಿಮ್ಮಡಿಯಲ್ಲಿದೆ ಎಂದು
ಮಡಿಕೇರಿಯ ಹಾಸ್ಟೆಲಿನಲ್ಲಿ, ಮಂಜು ಏಳುವ ಮುಂಚೆ,
ಸುಣ್ಣದ ಗೆರೆಯ ಮೇಲೆ ಆರು ವರ್ಷ ನಡೆಸಿದರು ನಮ್ಮನ್ನು.
ಇಲ್ಲಿ ಸ್ಟೂಲಿನ ಮೇಲೆ ಕೂತು,
ಬಾಯಲ್ಲಿ ಚಿಕ್ಕಿ ಇಟ್ಟುಕೊಂಡು
ವಿಶ್ವ ಚಾಂಪಿಯನ್ ಆಗಿದ್ದಾನೆ
ಲೈನ್‌ಮನೆಯ ಚುಂಡೆಯ ಮೊಮ್ಮಗ ಮಣಿ.
ಮೂರು ಸುತ್ತು, ಮೂರು ಸಲ ಮಲಗಿಸಿದ ನನ್ನನ್ನು.
ಕೈ ಎತ್ತಿ ಅಟ್ಟದ ತೊಲೆಗೆ ಬಡಿದು
ಗೆಣ್ಣಿನ ಸಿಪ್ಪೆ ಎದ್ದಿತು.
ಈ ಆಟದಲ್ಲಿ ಬಂದ ರಕ್ತ ಅಷ್ಟೇ,
ಅದಕ್ಕೆ ಅಂಕವಿಲ್ಲ.

ಇನ್ನು ದೂರು.
ಬಿದ್ದವನು ಒಂಬತ್ತಕ್ಕೆ ಏಳುತ್ತಾನೆ. ಯಾವಾಗಲೂ.
ಕಡ್ಡಿಗಳನ್ನು ಗಡಗಡ ಅಲ್ಲಾಡಿಸಿದರೆ ಸಾಕು.

ಹುಲಿಗೆಮ್ಮ ಬಳ್ಳಾರಿಯವಳು, ಐವತ್ತೊಂದು ಕಿಲೋ.
ತೂಕಕ್ಕೆ ನಿಲ್ಲುವ ಮುನ್ನ ತಲೆಯ ಪಿನ್ನುಗಳನ್ನು ತೆಗೆದು
‘ಹಿಡಕೋ’ ಎಂದು ನನ್ನ ಕೈಗೇ ಕೊಟ್ಟಿದ್ದಳು.
ಎರಡನೇ ಸುತ್ತಿನಲ್ಲಿ ನನ್ನ ಎಡಗೈ
ಅವಳ ಕಿವಿಗೆ ತಗುಲಿತು.
ಎಣಿಕೆ ಹತ್ತಕ್ಕೆ ನಿಂತಿತು. ಅವಳು ಎದ್ದದ್ದು ಆಮೇಲೆ.
ಎದ್ದು, ಯಾರೂ ಇಲ್ಲದ ಮೂಲೆಗೆ ತಿರುಗಿ,
ಮುಷ್ಟಿ ಎತ್ತಿ ಕಾಯುತ್ತ ನಿಂತಳು.
ಜನ ನಕ್ಕರು. ನಾನೂ ನಕ್ಕೆನೋ ಏನೋ.
ಆರು ಪಿನ್ನು.
ವಾಪಸು ಕೊಡಲಿಲ್ಲ.

ಹಾಗಾದರೆ ಐದಕ್ಕೆ ಮೂರು ಎಂದು ಬರೆದು
ಪೆನ್ನು ಮುಚ್ಚುತ್ತಿದ್ದೆ. ಕರೆಂಟು ಹೋಯಿತು.
ಗದ್ದದವನು ಗಾಳಿಯಲ್ಲೇ ಕರಗಿದ.
ಹಂಸಾಕ ಯಾರನ್ನೋ ಬೈಯುತ್ತ ಫ್ಯೂಸು ನೋಡಲು ಹೋದ.
ಗೋಣಿಯ ತೂತುಗಳಿಂದ ಬಂದ ಬೆಳಕಿನಲ್ಲಿ
ಮಣಿ ಎದ್ದು ನಿಂತಿದ್ದ,
ಸ್ಟೂಲು ಮಗುಚಿತ್ತು.
ಎದುರು ಯಾರಿಲ್ಲ, ಆದರೂ ಬಾಗಿದ, ಜಾರಿದ,
ಎಡಗಾಲು ಮುಂದೆ,
ಬಲಗಾಲಿನ ಹಿಮ್ಮಡಿ
ಒಂದು ಬೆರಳಷ್ಟು ಮೇಲೆ.

ಯಾರೂ ಹೇಳಿಕೊಟ್ಟದ್ದಲ್ಲ.
ಯಂತ್ರ ನೋಡಿದ್ದೂ ಅಲ್ಲ.

‘ಇನ್ನೊಂದು ಆಟ?’ ಅಂದೆ.
‘ಕರೆಂಟು ಬರಲಿ ಟೀಚರ್.’
‘ಬೇಡ’ ಅಂದೆ. ಗೋಣಿ ಸರಿಸಿದೆ.

ಆ ಅರ್ಧ ಅಂಕ ಅದಕ್ಕೆ.

ಹಂಸಾಕ, ಅಂಟಿಸುವುದಾದರೆ
ಹುಲಿಗೆಮ್ಮನ ಸಾಲುಗಳನ್ನು ಕತ್ತರಿಸಿ ಅಂಟಿಸು.
ತೊಲೆಯ ವಿಷಯ ಇರಲಿ,
ಎತ್ತರದವರಿಗೆ ಉಪಯೋಗವಾದೀತು.